2 ಜಿಬಿ ರ‍್ಯಾಮಿನ ಹಳೇ ಪಿಸಿಗೆ ನಮ್ಮದೇ ಓಎಸ್ ಕಟ್ಟಬಹುದಾ?

ಪ್ರಶ್ನೆ: ನಾನು ಶಹಾಪುರದವನು, ಕಲಬುರಗಿಯಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ. ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಬಟನ್ ಒತ್ತಿ ಚಹಾ ಕುಡಿದು ಬಂದರೂ ಇನ್ನೂ ಶುರುವಾಗುತ್ತಲೇ ಇರುತ್ತದೆ. ಅಪ್ಪ ಅದರಲ್ಲೇ ಅಡತ್ ಅಂಗಡಿಯ ತೊಗರಿ ಲೆಕ್ಕ ಬರೆಯುತ್ತಾರೆ, ತಂಗಿ ಓದಿಗೆ ಬಳಸುತ್ತಾಳೆ. ನಾನೇ ಒಂದು ಹಗುರವಾದ ಓಎಸ್ (ಆಪರೇಟಿಂಗ್ ಸಿಸ್ಟಂ) ಕಟ್ಟಿ ಹಾಕಬೇಕೆಂದಿದ್ದೇನೆ. ಕರ್ನಲ್, ಅಂದರೆ ಓಎಸ್‌ನ ತಿರುಳನ್ನು, ಸೋರ್ಸ್ ಕೋಡಿನಿಂದ ಕಂಪೈಲ್ ಮಾಡುವುದರಿಂದ ಶುರು ಮಾಡಲಾ? ಕನ್ನಡ ಟೈಪಿಂಗ್ ಬೇಕೇ ಬೇಕು.
ಒಬ್ಬ ಓದುಗ, ಶಹಾಪುರ

ಉತ್ತರ: ಕಟ್ಟಬಹುದು. ಆದರೆ ಕರ್ನಲ್‌ನಿಂದ ಶುರು ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ನಿಮ್ಮ ವಯಸ್ಸಿನಲ್ಲಿ ಅಲ್ಲಿಂದಲೇ ಶುರು ಮಾಡಿ ಇಡೀ ಬೇಸಿಗೆ ರಜೆ ಕಳೆದವನು. ಕೊನೆಗೆ ಕರ್ನಲ್ ಸಣ್ಣದಾಯಿತು. ಕಂಪ್ಯೂಟರ್ ಮಾತ್ರ ಮೊದಲಿನಷ್ಟೇ ನಿಧಾನ.

ಕರ್ನಲ್‌ನಲ್ಲಿ ನಾವು ಅಂದುಕೊಂಡಷ್ಟು ಭಾರ ಇಲ್ಲ. ಲಿನಕ್ಸ್ ಓಎಸ್‌ಗಳಾದ ಡೆಬಿಯನ್, ಉಬುಂಟು ಕೊಡುವ ಕರ್ನಲ್ ಜೊತೆ ಬಗೆಬಗೆಯ ಕಾರ್ಡ್, ಸಾಧನಗಳನ್ನು ನಡೆಸುವ ಸಾವಿರಾರು ಡ್ರೈವರ್‌ಗಳು ಬರುತ್ತವೆ, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಮಾಡ್ಯೂಲ್ ಅನ್ನುವ ಬಿಡಿ ಫೈಲುಗಳಾಗಿ ಡಿಸ್ಕ್ ಮೇಲೆ ಸುಮ್ನೆ ಬಿದ್ದಿರುತ್ತವೆ. ನಿಮ್ಮ ಮಶೀನಿನಲ್ಲಿ ಆ ಕಾರ್ಡ್ ಇದ್ದರೆ ಮಾತ್ರ ಅದರ ಮಾಡ್ಯೂಲ್ ರ‍್ಯಾಮಿಗೆ ಬರುತ್ತದೆ. ಅಟ್ಟದ ಮೇಲಿನ ಪಾತ್ರೆ ಇದ್ದ ಹಾಗೆ. ಎಷ್ಟೇ ಇದ್ದರೂ ಒಲೆ ಮುಂದಿನ ಜಾಗ ಅದರಿಂದ ತುಂಬುವುದಿಲ್ಲ. ಕರ್ನಲ್ ಕತ್ತರಿಸಿದರೆ ಬೂಟ್ ಆಗುವಾಗ ಕೆಲವು ಸೆಕೆಂಡ್, ರ‍್ಯಾಮಿನಲ್ಲಿ ಕೆಲವು ಎಂಬಿ ಉಳಿಯುತ್ತದೆ. ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆರೆದಿರಿ ಅಂದರೆ ಆ ಉಳಿತಾಯ ಮುಗಿಯಿತು.

"ನಾನೇ ಕಟ್ಟಿದ ಓಎಸ್" ಅನ್ನುವ ಮಾತಿಗೆ ಮೂರು ಅರ್ಥ ಇವೆ. ಮೊದಲನೆಯದು ಒಂದೊಂದು ಸಾಲನ್ನೂ ನಾವೇ ಬರೆಯುವುದು. ಪಿಸಿ ಶುರುವಾದಾಗ ಡಿಸ್ಕಿನಿಂದ ಮೊದಲು ಓದುವ 512 ಬೈಟಿನ ಬೂಟ್ ಸೆಕ್ಟರ್, ಅದರ ಕೊನೆಯ ಎರಡು ಬೈಟ್ 55 ಮತ್ತು ಎಎ, ಅಲ್ಲಿಂದ ಸ್ಕ್ರೀನ್ ಮೇಲೆ ಒಂದು ಅಕ್ಷರ ಮೂಡಿಸುವುದು, ಆಮೇಲೆ ಇಂಟರಪ್ಟ್, ಮೆಮೊರಿ, ಡಿಸ್ಕ್. ಕಲಿಯುವವರಿಗೆ ಭಾಳ ರುಚಿ ಇರುವ ಕೆಲಸ. ಆದರೆ ಅಪ್ಪ ಅದರಲ್ಲಿ ಲೆಕ್ಕ ಬರೆಯುವ ದಿನ ಬರುವುದಿಲ್ಲ. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾಗ ತನ್ನ 386 ಪಿಸಿಯಲ್ಲಿ ಬರೆದದ್ದೂ ಕರ್ನಲ್ ಒಂದನ್ನೇ. ಕಂಪೈಲರ್, ಕಮಾಂಡ್ ಓಡಿಸುವ ಶೆಲ್ ಎಲ್ಲ ಮುಕ್ತ ತಂತ್ರಾಂಶದ ಗ್ನು ಯೋಜನೆಯವರು ಮೊದಲೇ ಮಾಡಿಟ್ಟಿದ್ದರು.

ಎರಡನೆಯದು ಲಿನಕ್ಸ್ ಫ್ರಂ ಸ್ಕ್ರ್ಯಾಚ್. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಶುರು ಮಾಡಿದ ಕೈಪಿಡಿ ಇದು. ಒಂದೊಂದು ಪ್ಯಾಕೇಜಿನ ಸೋರ್ಸ್ ತಂದು, ನೀವೇ ಕಂಪೈಲ್ ಮಾಡಿ, ಒಂದರ ಮೇಲೊಂದು ಇಡುತ್ತಾ ಹೋಗಬೇಕು. ಇದಕ್ಕೆ 4 ಕೋರ್, 8 ಜಿಬಿ ರ‍್ಯಾಮ್ ಇರಲಿ ಎಂದು ಕೈಪಿಡಿಯೇ ಸಲಹೆ ಕೊಡುತ್ತದೆ. ನಿಮ್ಮ ಪಿಸಿಯಲ್ಲೂ ಆಗುತ್ತದೆ, ದಿನಗಟ್ಟಲೆ ಹಿಡಿಯುತ್ತದೆ ಅಷ್ಟೇ. ನನಗೆ ಬೇಡ ಅನ್ನಿಸುವುದು ಬೇರೆ ಕಾರಣಕ್ಕೆ. ನಾಳೆ ಬ್ರೌಸರಿಗೋ ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೋ ಭದ್ರತೆಯ ಅಪ್‌ಡೇಟ್ ಬಂದರೆ ಅದನ್ನು ತಂದು ಕಂಪೈಲ್ ಮಾಡಿ ಕೂರಿಸುವವರು ನೀವೇ. ನೀವು ಓದು ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ಮೇಲೆ ಶಹಾಪುರದ ಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ?

ಮೂರನೆಯದು ನಿಮಗೆ ಬೇಕಾದದ್ದು. ಡೆಬಿಯನ್‌ನ ಬರೀ ಬುನಾದಿ ಹಾಕಿಕೊಂಡು, ಅದರ ಮೇಲೆ ಬೇಕಾದದ್ದನ್ನು ಮಾತ್ರ ಒಂದೊಂದಾಗಿ ಏರಿಸುವುದು. "ಇದು ಕಟ್ಟಿದ ಹಾಗೆ ಆಯಿತಾ?" ಎಂದು ನಿಮ್ಮ ಗೆಳೆಯರು ಮೂಗು ಮುರಿಯಬಹುದು. ಮುರಿಯಲಿ. ಹಿಟ್ಟು ಗಿರಣಿಯಿಂದ ಬಂದರೂ ರೊಟ್ಟಿ ಬಡಿದದ್ದು ಮನೆಯಲ್ಲೇ ಅಲ್ವಾ?

ಆದರೂ ಒಳಗೆ ಏನಾಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಲೇಬೇಕು. ಅದಕ್ಕೆ ಒಂದು ಸಂಜೆ ಸಾಕು, ಮನೆಯ ಪಿಸಿಯನ್ನು ಮುಟ್ಟುವುದೂ ಬೇಡ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಕ್ಯೂಎಮು ಹಾಕಿಕೊಳ್ಳಿ. ಇದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ತೋರಿಸುವ ತಂತ್ರಾಂಶ. ಆಮೇಲೆ ಬ್ಯುಸಿಬಾಕ್ಸ್ ತನ್ನಿ. ಬ್ರೂಸ್ ಪೆರೆನ್ಸ್ 1990ರ ದಶಕದ ಮಧ್ಯದಲ್ಲಿ, ಡೆಬಿಯನ್ ಇನ್‌ಸ್ಟಾಲರ್ ಒಂದೇ ಫ್ಲಾಪಿಯಲ್ಲಿ ಕೂರಲಿ ಎಂದು ಶುರು ಮಾಡಿದ್ದು ಇದು. ನೂರಾರು ಕಮಾಂಡ್‌ಗಳು ಒಂದೇ ಫೈಲಿನಲ್ಲಿ, ಒಂದೆರಡು ಎಂಬಿಯಲ್ಲಿ ಅಡಗಿವೆ. ಒಂದು ಖಾಲಿ ಫೋಲ್ಡರ್ ಮಾಡಿ, ಸ್ಟ್ಯಾಟಿಕ್ ಆಗಿ (ಬೇರೆ ಲೈಬ್ರರಿ ಬೇಡದ ಹಾಗೆ) ಕಂಪೈಲ್ ಆದ ಬ್ಯುಸಿಬಾಕ್ಸ್ ಒಳಗಿಡಿ. ಪಕ್ಕದಲ್ಲಿ ನಾಲ್ಕೈದು ಸಾಲಿನ "ಇನಿಟ್" ಎಂಬ ಸ್ಕ್ರಿಪ್ಟ್ ಬರೆಯಿರಿ. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರೋಕ್, ಸಿಸ್ ಫೋಲ್ಡರುಗಳನ್ನು ಮೌಂಟ್ ಮಾಡಿ ಶೆಲ್ ಕೊಡುವುದಷ್ಟೇ ಅದರ ಕೆಲಸ. ಆ ಫೋಲ್ಡರನ್ನು ಸಿಪಿಐಓದಿಂದ ಕಟ್ಟಿ, ಜಿಜಿಪ್‌ನಿಂದ ಹಿಂಡಿ, ಲ್ಯಾಪ್‌ಟಾಪಿನದೇ ಕರ್ನಲ್ ಫೈಲಿನ ಜೊತೆ ಕ್ಯೂಎಮುಗೆ ಕೊಡಿ. ಕಣ್ಣು ಮಿಟುಕಿಸುವುದರೊಳಗೆ ಬೂಟ್ ಆಗುತ್ತದೆ.

ಮೊದಲ ಸಲ ಆಗುವುದಿಲ್ಲ ಅನ್ನಿ. "ಕರ್ನಲ್ ಪ್ಯಾನಿಕ್" ಬರುತ್ತದೆ. ನಾನು ನೋಡಿದ ಹತ್ತರಲ್ಲಿ ಎಂಟು ಜನ ಇನಿಟ್ ಸ್ಕ್ರಿಪ್ಟಿಗೆ ಓಡುವ ಪರ್ಮಿಶನ್ ಕೊಡಲು ಮರೆತಿರುತ್ತಾರೆ. ಉಳಿದವರ ಸ್ಕ್ರಿಪ್ಟ್ ಕೊನೆಯ ಸಾಲು ಮುಗಿಸಿ ಹೊರಗೆ ಬಂದುಬಿಟ್ಟಿರುತ್ತದೆ. ಇನಿಟ್ ಅಂದರೆ ಕರ್ನಲ್ ಓಡಿಸುವ ಮೊದಲ ಪ್ರೋಸೆಸ್, ಅದು ಸತ್ತರೆ ಕರ್ನಲ್ ಕೂಡ ಅಲ್ಲೇ ಕೂತುಬಿಡುತ್ತದೆ. ಈ ಎರಡು ತಪ್ಪು ನೀವೇ ಮಾಡಿ ನೀವೇ ಸರಿಮಾಡಿಕೊಂಡರೆ ಒಂದು ಸೆಮಿಸ್ಟರಿನ ಓಎಸ್ ಪಾಠ ತಲೆಯಲ್ಲಿ ಕೂರುತ್ತದೆ.

ಈಗ ಮನೆಯ ಪಿಸಿಗೆ ಬರೋಣ. ಮೊದಲು ಅದು 64 ಬಿಟ್ ಹೌದೋ ಅಲ್ಲವೋ ನೋಡಿ. ಒಳಗಿರುವ ವಿಂಡೋಸ್ 7 32 ಬಿಟ್ ಅಂದಮಾತ್ರಕ್ಕೆ ಪ್ರೊಸೆಸರ್ 32 ಬಿಟ್ ಆಗಬೇಕಿಲ್ಲ. ಆಗ ಅಂಗಡಿಯವರು 2 ಜಿಬಿಗೆ ಸಾಕೆಂದು 32 ಬಿಟ್ ವಿಂಡೋಸೇ ಹಾಕಿಕೊಡುತ್ತಿದ್ದರು. ಕೋರ್ 2 ಡ್ಯುಯೋ ಇದ್ದರೆ ಖಂಡಿತ 64 ಬಿಟ್. ಇದು ಮುಖ್ಯ, ಯಾಕೆಂದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯನ್ನೂ ತೆಗೆದು ನೋಡಿ. ಕೆಟ್ಟ ಸೆಕ್ಟರ್‌ಗಳ ಲೆಕ್ಕ ಏರುತ್ತಿದ್ದರೆ ಆ ಡಿಸ್ಕಿನ ಆಸೆ ಬಿಡಿ. ನನ್ನನ್ನು ಕೇಳಿದರೆ ಡಿಸ್ಕ್ ಚೆನ್ನಾಗಿದ್ದರೂ ಒಂದು 120 ಜಿಬಿ ಎಸ್‌ಎಸ್‌ಡಿ ಹಾಕಿಸಿ. ನೀವು ಓಎಸ್‌ನಲ್ಲಿ ಏನೇ ಸರ್ಕಸ್ ಮಾಡಿದರೂ ಅಷ್ಟು ಫರಕು ಬರುವುದಿಲ್ಲ.

ಇನ್ನೊಂದು, ಅಪ್ಪ ಲೆಕ್ಕ ಬರೆಯುವುದು ಯಾವುದರಲ್ಲಿ? ಎಕ್ಸೆಲ್ ಶೀಟ್ ಆದರೆ ಚಿಂತೆ ಇಲ್ಲ. ಟ್ಯಾಲಿ ಆಗಿದ್ದರೆ ಅದು ವಿಂಡೋಸಿನದು, ಆ ಪಿಸಿಯನ್ನು ಹಾಗೇ ಬಿಟ್ಟುಬಿಡಿ. ನಿಮ್ಮ ಉತ್ಸಾಹಕ್ಕೆ ಅಂಗಡಿಯ ಲೆಕ್ಕ ಬಲಿಯಾಗಬಾರದು.

ನೆಟ್‌ನಿಂದ ಪ್ಯಾಕೇಜ್ ತಂದು ಇನ್‌ಸ್ಟಾಲ್ ಮಾಡುವ ಡೆಬಿಯನ್‌ನ ನೆಟ್‌ಇನ್‌ಸ್ಟ್ ಫೈಲ್ 1 ಜಿಬಿಗಿಂತ ಕಡಿಮೆ. ಪೆನ್‌ಡ್ರೈವಿಗೆ ಬರೆದು ಇನ್‌ಸ್ಟಾಲ್ ಶುರು ಮಾಡಿ. ನಡುವೆ ಯಾವ ಡೆಸ್ಕ್‌ಟಾಪ್ ಬೇಕು ಎಂದು ಒಂದು ಪಟ್ಟಿ ತೋರಿಸುತ್ತದೆ. ಅಲ್ಲಿ ಎಲ್ಲ ಗುರುತು ತೆಗೆದು, ಸ್ಟ್ಯಾಂಡರ್ಡ್ ಯುಟಿಲಿಟೀಸ್ ಒಂದನ್ನೇ ಉಳಿಸಿ. ಮುಗಿದ ಮೇಲೆ ಕಪ್ಪು ಪರದೆ, ಲಾಗಿನ್ ಎಂದು ಕೇಳುವ ಒಂದು ಸಾಲು. ನನ್ನ ಮಶೀನುಗಳಲ್ಲಿ ಈ ಹಂತದಲ್ಲಿ 100ರಿಂದ 150 ಎಂಬಿ ರ‍್ಯಾಮ್ ಹೋಗುತ್ತದೆ. ಇಲ್ಲಿಂದ ಮುಂದೆ ನೀವು ಏರಿಸಿದ ಒಂದೊಂದು ಸಾಮಾನಿಗೂ ನೀವೇ ಹೊಣೆ.

ಏರಿಸುವ ಮೊದಲು ಒಂದು ಕೆಲಸ. ತಂತ್ರಾಂಶ ತಂದು ಹಾಕುವ ಡೆಬಿಯನ್‌ನ ಉಪಕರಣ ಏಪಿಟಿಗೆ ಒಂದು ಪ್ಯಾಕೇಜ್ ಕೇಳಿದರೆ ಅದು "ಇದೂ ಇರಲಿ, ಅದೂ ಇರಲಿ" ಎಂದು ಶಿಫಾರಸಿನ ಪ್ಯಾಕೇಜುಗಳನ್ನೂ ಎಳೆದು ತರುತ್ತದೆ. ಮದುವೆಗೆ ಒಬ್ಬರನ್ನು ಕರೆದರೆ ಜೊತೆಗೆ ನಾಲ್ಕು ಜನ ಬಂದ ಹಾಗೆ. ರೆಕಮೆಂಡ್ಸ್ ಅನ್ನುವ ಆ ಆಯ್ಕೆಯನ್ನು ಸೆಟ್ಟಿಂಗ್ ಫೈಲಿನಲ್ಲೇ ಬಂದ್ ಮಾಡಿ. ಆಮೇಲೆ ಪರದೆ ಮೇಲೆ ಚಿತ್ರ ಮೂಡಿಸುವ ಎಕ್ಸ್‌ಆರ್ಗ್ ಮತ್ತು ಕಿಟಕಿಗಳನ್ನು ನೋಡಿಕೊಳ್ಳುವ ಒಂದು ವಿಂಡೋ ಮ್ಯಾನೇಜರ್. ಹುಡುಗರೆಲ್ಲ ಓಪನ್‌ಬಾಕ್ಸ್ ಅನ್ನುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ. ಆದರೆ ನಿಮ್ಮ ಮನೆಗೆ ಐಸ್‌ಡಬ್ಲ್ಯುಎಂ ಹಾಕಿ. ಕೆಳಗೆ ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ, ಎಲ್ಲ ಅದರಲ್ಲೇ ಇದೆ. ಓಪನ್‌ಬಾಕ್ಸ್‌ನಲ್ಲಿ ಖಾಲಿ ಪರದೆ ನೋಡಿ ಅಪ್ಪ "ಕಂಪ್ಯೂಟರ್ ಕೆಟ್ಟಿತೇನೋ" ಅಂದುಕೊಳ್ಳುತ್ತಾರೆ. ಲಾಗಿನ್ ಪರದೆ ತೋರಿಸುವ ತಂತ್ರಾಂಶವೂ ಬೇಡ. ಕಪ್ಪು ಪರದೆಯಲ್ಲೇ ತಾನಾಗಿ ಲಾಗಿನ್ ಆಗಿ ನೇರ ಐಸ್‌ಡಬ್ಲ್ಯುಎಂ ಏಳುವ ಹಾಗೆ ಮಾಡಬಹುದು. ಲೆಕ್ಕಕ್ಕೆ ಲಿಬ್ರೆಆಫೀಸ್ ಬದಲು ನ್ಯೂಮರಿಕ್ ನೋಡಿ. ಎಕ್ಸೆಲ್ ಫೈಲ್ ತೆರೆಯುತ್ತದೆ, ಭಾರ ಭಾಳ ಕಡಿಮೆ.

ಕನ್ನಡದ ಮಾತು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ "ಹಗುರ ಓಎಸ್" ಕಟ್ಟುವವರು ಎಡವುವುದು ಇಲ್ಲೇ. ಗ್ರಾಫಿಕ್ಸ್ ಇಲ್ಲದ ಕಪ್ಪು ಪರದೆಯಲ್ಲಿ ಕನ್ನಡ ಬರುವುದಿಲ್ಲ. ಲಿನಕ್ಸ್ ಕನ್ಸೋಲಿನ ಫಾಂಟಿಗೆ ಹೆಚ್ಚೆಂದರೆ 512 ಆಕಾರಗಳ ಮಿತಿ ಇದೆ. ಅದಕ್ಕಿಂತ ದೊಡ್ಡ ತೊಡಕು ಜೋಡಣೆಯದು. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಕೂರುತ್ತದೆ. ನಮ್ಮದು ಹಾಗಲ್ಲ. ಕ, ಅರ್ಧಾಕ್ಷರದ ಚಿಹ್ನೆ, ಷ ಮೂರನ್ನೂ ಸೇರಿಸಿ "ಕ್ಷ" ಮಾಡಬೇಕು, ಒತ್ತನ್ನು ಕೆಳಗೆ ಇಳಿಸಬೇಕು, ಅರ್ಕಾವತ್ತನ್ನು ಮುಂದಿನ ಅಕ್ಷರದ ಬಲಕ್ಕೆ ಒಯ್ಯಬೇಕು. ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಅದನ್ನು ಬಳಸುವ ತಂತ್ರಾಂಶಗಳಲ್ಲಿ ಮಾತ್ರ ಕನ್ನಡ ಸರಿಯಾಗಿ ಕಾಣುತ್ತದೆ. ಹಗುರ ಎಂದು ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಹಾಕಿಕೊಂಡು ಅದರಲ್ಲಿ ಕನ್ನಡ ನೋಡಿದರೆ ಒತ್ತಕ್ಷರ ಒಡೆದು ಚೂರಾಗಿರುತ್ತವೆ. ಅದಕ್ಕೇ ಹೇಳುವುದು, ನಮಗೆ ಹಗುರ ಅಂದರೆ ಎಲ್ಲಿವರೆಗೆ ಹಗುರ ಅನ್ನುವುದಕ್ಕೆ ಒಂದು ಗೆರೆ ಇದೆ. ಅದಕ್ಕಿಂತ ಕೆಳಗೆ ಇಳಿದರೆ ಭಾಷೆ ಕೈಬಿಡುತ್ತದೆ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಒಂದು ಸಾಕು. ನೋಟೋದ ಪೂರ್ತಿ ಪ್ಯಾಕೇಜ್ ಹಾಕಿದರೆ ಲೋಕದ ಲಿಪಿಗಳೆಲ್ಲ ಬಂದು ಡಿಸ್ಕ್ ತುಂಬುತ್ತವೆ. ಟೈಪಿಂಗಿಗೆ ಎಲ್ಲರೂ ಐಬಸ್ ಎಂಬ ತಂತ್ರಾಂಶ ಹಾಕಿ ಅನ್ನುತ್ತಾರೆ. ಅದು ಹಿನ್ನೆಲೆಯಲ್ಲಿ ಸದಾ ಓಡುತ್ತಾ ರ‍್ಯಾಮ್ ತಿನ್ನುತ್ತದೆ. ನಿಮಗೆ ಬೇಕಿಲ್ಲ. ಎಕ್ಸ್‌ಆರ್ಗ್ ಬಳಸುವ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಕೈಗೆ ರೂಢಿಯಾದದ್ದು. ಎಫ್ ಕೀ ಒತ್ತಿ ಒತ್ತಕ್ಷರ ಮಾಡುವುದೂ ಹಾಗೇ. ಐಸ್‌ಡಬ್ಲ್ಯುಎಂ ಶುರುವಾಗುವಾಗ ಓಡುವ ಫೈಲಿನಲ್ಲಿ ಒಂದು ಸಾಲು ಬರೆದು, ಆಲ್ಟ್ ಮತ್ತು ಶಿಫ್ಟ್ ಒತ್ತಿದರೆ ಭಾಷೆ ಬದಲಾಗುವ ಹಾಗೆ ಮಾಡಿ. ಖರ್ಚು ಸೊನ್ನೆ.

ಅಪ್ಪನ ಹಳೇ ಫೈಲುಗಳನ್ನು ಒಮ್ಮೆ ತೆರೆದು ನೋಡಿ. ಹಿಂದಿನ ನುಡಿ, ಬರಹ ಫಾಂಟಿನಲ್ಲಿ ಬರೆದವು ಯುನಿಕೋಡ್ ಅಲ್ಲ. ಹೊಸ ಓಎಸ್‌ನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣುತ್ತವೆ. ಕನ್ವರ್ಟರ್‌ಗಳಿವೆ. ವಿಂಡೋಸ್ ತೆಗೆಯುವ ಮೊದಲೇ ಯುನಿಕೋಡಿಗೆ ಬದಲಿಸಿಕೊಳ್ಳಿ, ಆಮೇಲೆ ಒದ್ದಾಡಬೇಡಿ.

ಇನ್ನು ನಮ್ಮ ಕಡೆಯ ಇನ್ನೊಂದು ದೊಡ್ಡ ವಿಷಯ, ಕರೆಂಟು. ಬೇಸಿಗೆಯಲ್ಲಿ ಹೇಳದೆ ಕೇಳದೆ ಹೋಗಿ ಬರುತ್ತದೆ. ಡೆಬಿಯನ್ ಹಾಕಿಕೊಡುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಬದಲಾವಣೆಯನ್ನು ಮೊದಲೇ ಬರೆದಿಡುವ ಜರ್ನಲ್ ಇರುವುದರಿಂದ ಡಿಸ್ಕಿನ ಜೋಡಣೆ ಸಾಮಾನ್ಯವಾಗಿ ಕೆಡುವುದಿಲ್ಲ. ಕಳೆದುಹೋಗುವುದು ಇನ್ನೂ ಡಿಸ್ಕಿಗೆ ಇಳಿಯದ ಬರಹ. ಲಿನಕ್ಸ್ ಬರೆದದ್ದನ್ನು ತಕ್ಷಣ ಡಿಸ್ಕಿಗೆ ಇಳಿಸದೆ 30 ಸೆಕೆಂಡಿನವರೆಗೆ ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತದೆ. ಡರ್ಟಿ ಎಕ್ಸ್‌ಪೈರ್ ಅನ್ನುವ ಒಂದು ಸೆಟ್ಟಿಂಗ್ ಇದೆ, ಅದನ್ನು 5 ಸೆಕೆಂಡಿಗೆ ಇಳಿಸಿ. ವೇಗ ಚೂರು ಕಡಿಮೆ ಆಗಬಹುದು, ಆಗಲಿ. ಹೋಮ್ ಫೋಲ್ಡರಿಗೆ ಬೇರೆಯೇ ಪಾರ್ಟಿಷನ್ ಕೊಡಿ, ಓಎಸ್ ಕೆಟ್ಟು ಮತ್ತೆ ಹಾಕಿದರೂ ಲೆಕ್ಕ ಉಳಿಯಲಿ. ಪೆನ್‌ಡ್ರೈವಿಗೆ ಕಾಪಿ ಮಾಡಿ ತಟ್ಟನೆ ಕಿತ್ತುಕೊಳ್ಳುವ ಚಟ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ. ಕಾಪಿ ಮುಗಿಯಿತು ಎಂದು ಕಂಡರೂ ಒಳಗೆ ಇನ್ನೂ ಬರೆಯುತ್ತಿರುತ್ತದೆ. ಇಡೀ ಓಎಸ್ ಭಾಗವನ್ನು ಓದಲು ಮಾತ್ರ ಬರುವ ಹಾಗೆ ಬಿಗಿದು, ಬದಲಾವಣೆಗಳನ್ನು ರ‍್ಯಾಮಿನಲ್ಲಿ ಇಡುವ ಓವರ್‌ಲೇ ಉಪಾಯವೂ ಇದೆ. ಒಂದು ಲ್ಯಾಬಿನಲ್ಲಿ ನಾನು ಅದನ್ನೇ ಮಾಡಿದ್ದೇನೆ. ಆದರೆ 2 ಜಿಬಿಯಲ್ಲಿ ರ‍್ಯಾಮನ್ನು ಹಾಗೆ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ರ‍್ಯಾಮಿನ ಮಾತು ಬಂತು. ಜಿರ‍್ಯಾಮ್ ಹಾಕಿಕೊಳ್ಳಿ. ರ‍್ಯಾಮಿನ ಒಂದು ಭಾಗದಲ್ಲೇ ಹಿಂಡಿದ ಸ್ವಾಪ್ (ಮೆಮೊರಿ ತುಂಬಿದಾಗ ಹೆಚ್ಚಿನದನ್ನು ಸರಿಸಿಡುವ ಜಾಗ) ಮಾಡುವ ಕರ್ನಲ್ ಸೌಲಭ್ಯ ಅದು. ಸಾಮಾನ್ಯವಾಗಿ ಎರಡು ಪಟ್ಟಿಗಿಂತ ಜಾಸ್ತಿಯೇ ಹಿಂಡುತ್ತದೆ. ಡಿಸ್ಕಿನ ಸ್ವಾಪ್‌ಗಿಂತ ಎಷ್ಟೋ ಚುರುಕು. ಫ್ರೀ ಎಂದು ಕಮಾಂಡ್ ಕೊಟ್ಟಾಗ "ಫ್ರೀ" ಕಾಲಂ ನೋಡಿ ಗಾಬರಿ ಆಗಬೇಡಿ. ಖಾಲಿ ಇರುವ ರ‍್ಯಾಮಿನಲ್ಲಿ ಲಿನಕ್ಸ್ ಡಿಸ್ಕಿನ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು "ಅವೇಲಬಲ್" ಕಾಲಂ.

ತಂಗಿಯ ಓದಿನ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಬ್ರೌಸರ್ ಹಗುರ ಆಗುವುದಿಲ್ಲ, ಯಾಕೆಂದರೆ ಭಾರ ಇರುವುದು ವೆಬ್‌ಸೈಟುಗಳಲ್ಲೇ. ಫೈರ್‌ಫಾಕ್ಸ್ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿ. ಯೂಟ್ಯೂಬ್ ಕಳಿಸುವ ಹೊಸ ಬಗೆಯ ವಿಡಿಯೋ ಬಿಡಿಸಲು ಹಳೇ ಗ್ರಾಫಿಕ್ಸ್ ಚಿಪ್‌ಗೆ ಬರುವುದಿಲ್ಲ, ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಚ್264 ಎಂಬ ಹಳೇ ರೂಪದಲ್ಲೇ ಕಳಿಸು ಎಂದು ಕೇಳುವ ಆಡ್‌ಆನ್ ಇದೆ, ಅದನ್ನು ಹಾಕಿ 480ರಲ್ಲಿ ನೋಡಿದರೆ ನಡೆಯುತ್ತದೆ. ಮೂರು ನಾಲ್ಕು ಟ್ಯಾಬ್ ಮೀರಿದರೆ ಮತ್ತೆ ಚಹಾ ಕುಡಿಯುವ ಸಮಯ. ಇನ್ನೊಂದು 2 ಜಿಬಿ ರ‍್ಯಾಮ್ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ತನ್ನಿ. ಡಿಡಿಆರ್2, ಡಿಡಿಆರ್3 ಯಾವುದು ಎಂದು ನೋಡಿಕೊಂಡೇ ತನ್ನಿ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ಎಲ್ಲ ಸರಿಯಾಗಿ ಓಡಿದ ಮೇಲೆ, ನೀವಾಗಿ ಕೇಳಿ ಹಾಕಿಸಿದ ಪ್ಯಾಕೇಜುಗಳ ಪಟ್ಟಿಯನ್ನು ಏಪಿಟಿಯಿಂದಲೇ ತೆಗೆಯಿರಿ. ನನ್ನದು ಇಂಥ ಪಿಸಿಗಳಿಗೆ ನಲವತ್ತು ಸಾಲು ದಾಟುವುದಿಲ್ಲ. ಆ ಪಟ್ಟಿ, ನೀವು ತಿದ್ದಿದ ಏಳೆಂಟು ಸೆಟ್ಟಿಂಗ್ ಫೈಲು, ಇಷ್ಟೇ ನಿಮ್ಮ ಓಎಸ್. ಲೈವ್‌ಬಿಲ್ಡ್ ಎಂಬ ಡೆಬಿಯನ್ ಉಪಕರಣಕ್ಕೆ ಇದನ್ನು ಕೊಟ್ಟರೆ ಪೆನ್‌ಡ್ರೈವಿನಿಂದ ಬೂಟ್ ಆಗುವ ಐಎಸ್‌ಓ ಫೈಲ್ ಮಾಡಿಕೊಡುತ್ತದೆ. ಗೆಳೆಯರಿಗೂ ಹಂಚಬಹುದು. ಓಎಸ್‌ರಿಲೀಸ್ ಎಂಬ ಫೈಲಿನಲ್ಲಿ ಹೆಸರು ಬದಲಿಸಿ "ಶಹಾಪುರ ಓಎಸ್" ಎಂದು ಇಟ್ಟುಕೊಳ್ಳಿ, ಖುಷಿಗೆ. ಐಡಿ ಅನ್ನುವ ಸಾಲನ್ನು ಮಾತ್ರ ಮುಟ್ಟಬೇಡಿ, ಕೆಲವು ಸ್ಕ್ರಿಪ್ಟುಗಳು ಅಲ್ಲಿ ಡೆಬಿಯನ್ ಎಂದು ಇದೆಯಾ ಎಂದು ನೋಡುತ್ತವೆ.

ಇಷ್ಟಾದ ಮೇಲೂ ಕರ್ನಲ್ ಕಂಪೈಲ್ ಮಾಡುವ ಆಸೆ ಉಳಿದಿದ್ದರೆ ಮಾಡಿ, ಬೇಡ ಅನ್ನುವುದಿಲ್ಲ. ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಆಯ್ಕೆ ಬಳಸಿ. ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಅದು ಉಳಿಸುತ್ತದೆ. ಹಾಗಾಗಿ ಪ್ರಿಂಟರ್, ವೈಫೈ ಡಾಂಗಲ್, ಪೆನ್‌ಡ್ರೈವ್ ಎಲ್ಲ ಚುಚ್ಚಿಕೊಂಡೇ ಕೂರಬೇಕು. ನಾನು ಮೊದಲ ಸಲ ಪೆನ್‌ಡ್ರೈವ್ ಹಾಕಿರಲಿಲ್ಲ. ಹೊಸ ಕರ್ನಲ್ ಠಾಕುಠೀಕಾಗಿ ಬೂಟ್ ಆಯಿತು, ಪೆನ್‌ಡ್ರೈವನ್ನು ಮಾತ್ರ ಗುರುತಿಸಲೇ ಇಲ್ಲ. ಇನ್ನೊಂದು ಸಲ ಮೇ ತಿಂಗಳ ಮಧ್ಯಾಹ್ನ, ನಮ್ಮ ಕಲಬುರಗಿಯ ಬಿಸಿಲು 42 ದಾಟಿದ ದಿನ, ಕಂಪೈಲರ್ ಒಂದೊಂದು ಸಲ ಒಂದೊಂದು ಫೈಲಿನ ಹತ್ತಿರ "ಸೆಗ್ಮೆಂಟೇಶನ್ ಫಾಲ್ಟ್" ಎಂದು ಬೀಳುತ್ತಿತ್ತು. ಕೋಡಿನಲ್ಲಿ ತಪ್ಪಿದ್ದರೆ ಪ್ರತಿ ಸಲ ಒಂದೇ ಜಾಗದಲ್ಲಿ ಬೀಳಬೇಕು. ಜಾಗ ಬದಲಾಗುತ್ತಿದ್ದರೆ ರ‍್ಯಾಮ್ ಅಥವಾ ಬಿಸಿ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ ಹೀಟ್‌ಸಿಂಕಿನ ತುಂಬ ಕಂಬಳಿಯಂತೆ ಧೂಳು. ಒರೆಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ರಾತ್ರಿ ಮಲಗುವಾಗ ಕಂಪೈಲಿಗೆ ಬಿಟ್ಟೆ. ಬೆಳಿಗ್ಗೆ ಮುಗಿದಿತ್ತು. ಹಳೇ ಕರ್ನಲನ್ನು ಬೂಟ್ ಆಗುವಾಗ ಕಾಣುವ ಗ್ರಬ್ ಮೆನುವಿನಿಂದ ತೆಗೆಯಬೇಡಿ, ಹೊಸದು ಏಳದಿದ್ದರೆ ಅದೇ ಗತಿ.

ಕೊನೆಗೆ, ಶುರು ಮಾಡುವ ಮೊದಲು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ. ಹಳೇ ಪಿಸಿಗಳಲ್ಲಿ ಅದು ಸತ್ತೇ ಇರುತ್ತದೆ, ಪ್ಲಗ್ ಕಿತ್ತಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ಒಬ್ಬರ ಮನೆಯಲ್ಲಿ ಡೆಬಿಯನ್ ಪ್ಯಾಕೇಜ್ ಇಳಿಯದೆ, "ಈ ಫೈಲ್ ಇನ್ನೂ ಜಾರಿಗೆ ಬಂದಿಲ್ಲ" ಅನ್ನುವ ಅರ್ಥದ ಎರರ್ ಬರುತ್ತಾ, ನಾನು ಒಂದು ಮಧ್ಯಾಹ್ನ ಪೂರ್ತಿ ನೆಟ್‌ವರ್ಕ್ ಕೇಬಲ್ ತಿರುವಿದ್ದೇನೆ. ಪಿಸಿಯ ಲೆಕ್ಕದಲ್ಲಿ ಆಗ 2009 ನಡೆಯುತ್ತಿತ್ತು. ಸೆಲ್ ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.